ಶೈತ್ಯದ ಸಾಹಸಿ ಕ್ಲಾರೆನ್ಸ್ ಬರ್ಡ್ಸ್‌ಐ

ಉಪ್ಪಲ್‌ನಲ್ಲಾಗಲಿ, ಕಾಚಿಗುಡದಲ್ಲಾಗಲಿ, ಸಿಕಂದರಾಬಾದಿನಲ್ಲಾಗಲಿ ನಮ್ಮವರ ಹೋಟೆಲೊಂದನ್ನು ಹೊಕ್ಕರೆ ಗಲ್ಲಾಪೆಟ್ಟಿಗೆಯ ಬಳಿ ಮೊದಲು ಕಣ್ಣಿಗೆ ಬೀಳುವುದು ದೇವರ ಪಟ. ಎರಡನೆಯದು ತಣ್ಣನೆಯ ಗಾಜಿನ ಕಪಾಟು. ಮೊಸರಿನ ಬಟ್ಟಲು, ಬಾದಾಮಿ ಹಾಲಿನ ಸೀಸೆ, ಹಣ್ಣಿನ ಸಲಾಡು, ಐಸ್‌ಕ್ರೀಮು ಇವೆಲ್ಲವೂ ದೀಪದ ಬೆಳಕಿನಲ್ಲಿ ಹೊಳೆಯುತ್ತ ಗಿರಾಕಿಯನ್ನು ಕರೆಯುತ್ತಿರುತ್ತವೆ. ಅದರ ಗಾಜನ್ನು ದಿನಕ್ಕೆ ಹತ್ತು ಸಲ ಒರೆಸುವ ಹುಡುಗನಿಗಾಗಲಿ, ತಿಂಗಳ ಕೊನೆಗೆ ವಿದ್ಯುತ್ ಬಿಲ್ಲನ್ನು ಲೆಕ್ಕದ ಪುಸ್ತಕಕ್ಕೆ ಏರಿಸುವ ಗುಮಾಸ್ತನಿಗಾಗಲಿ, ಅದು ಎಲ್ಲಿಂದ ಬಂದಿತು, ಅದರ ಒಳಗೆ ನಡೆಯುವುದೇನು ಎಂದು ವಿಚಾರಿಸಲು ಬಿಡುವಿಲ್ಲ. ಹೋಟೆಲು ನಡೆಸುತ್ತಿದ್ದಷ್ಟು ಕಾಲ ನಮಗೂ ಇರಲಿಲ್ಲ. ಗಲ್ಲೆಯನ್ನು ಬಿಟ್ಟು ಈ ಪತ್ರಿಕೆಯ ಮೇಜಿಗೆ ಬಂದು ಕುಳಿತ ಮೇಲೆಯೇ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೇರಿಕನ್ನನ ಜೀವನವನ್ನು ಓದುವ ಅವಕಾಶ ನಮಗೆ ದೊರೆತದ್ದು.

ತಣ್ಣನೆಯ ಕಪಾಟನ್ನು ಈತನೇ ಕಂಡುಹಿಡಿದನೆಂದು ನಾವು ಹೇಳಲಾರೆವು. ಶೈತ್ಯಯಂತ್ರಗಳು ಈತನು ಹುಟ್ಟುವುದಕ್ಕೆ ಮೊದಲೇ ಇದ್ದುವು. ಆದರೆ ಕಾರ್ಖಾನೆಯಲ್ಲಿ ಎಷ್ಟು ಒಳ್ಳೆಯ ಪದಾರ್ಥವನ್ನು ತಯಾರಿಸಿದರೂ ಅಂಗಡಿಯವನ ಕಪಾಟು ಸರಿಯಿಲ್ಲದಿದ್ದರೆ ಅದೆಲ್ಲವೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಎಂಬುದನ್ನು ಕೈಸುಟ್ಟುಕೊಂಡು ಕಲಿತವರಲ್ಲಿ ಈತನು ಮೊದಲನೆಯ ಸಾಲಿನವನು. ಆ ಕಾರಣದಿಂದಲೇ ಈತನ ಕಥೆಯು ಹೋಟೆಲಿನವರಿಗೆ ತೀರ ದೂರದ್ದಲ್ಲ.

ಬರ್ಡ್ಸ್‌ಐ ಹುಟ್ಟಿದ್ದು ೧೮೮೬ನೆಯ ಇಸವಿ ಡಿಸೆಂಬರ್ ೯ರಂದು, ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ. ಒಂಬತ್ತು ಮಕ್ಕಳ ಸಂಸಾರದಲ್ಲಿ ಈತನು ಆರನೆಯವನು. ತಂದೆ ವಕೀಲರಾಗಿದ್ದರು. ಮನೆತನದ ಹೆಸರಿಗೆ ಹಕ್ಕಿಯ ಕಣ್ಣು ಎಂದು ಅರ್ಥ. ಹುಡುಗನ ಕಣ್ಣೂ ಹಾಗೆಯೇ ಇದ್ದಿತು. ಹುಳು, ಕಪ್ಪೆ, ಇಲಿ, ಹಕ್ಕಿ ಏನೇ ಕಂಡರೂ ಅದನ್ನು ಹಿಡಿದು ಪರೀಕ್ಷಿಸದೆ ಬಿಡುತ್ತಿರಲಿಲ್ಲ. ಮೆಸಾಚುಸೆಟ್ಸ್ ಸಂಸ್ಥಾನದ ಆಮ್ಹರ್ಸ್ಟ್ ಕಾಲೇಜಿಗೆ ಸೇರಿದಾಗ ಸಹಪಾಠಿಗಳು ಈತನಿಗೆ ಹುಳುಗಳ ಹೆಸರನ್ನೇ ಅಡ್ಡಹೆಸರಾಗಿ ಇಟ್ಟಿದ್ದರು. ಶುಲ್ಕಕ್ಕೆ ಹಣ ಸಾಲದೆ ಬಂದಾಗ ಈತನು ಕಪ್ಪೆಗಳನ್ನು ಹಿಡಿದು, ಹಾವುಗಳಿಗೆ ಆಹಾರವಾಗಲೆಂದು ಬ್ರಾಂಕ್ಸ್ ಮೃಗಾಲಯಕ್ಕೆ ಮಾರಿದನು. ಆದರೂ ಕಾಲೇಜು ಪೂರೈಸಲಿಲ್ಲ. ಹಣದ ಅಡಚಣೆಯಿಂದ ಪದವಿಯಿಲ್ಲದೆಯೇ ಹೊರಬಿದ್ದನು. ಎಸ್.ಎಸ್.ಎಲ್.ಸಿ.ಯ ಆಚೆಗೆ ಹೋಗದ ನಮ್ಮಂಥವರಿಗೆ ಇಂಥ ಸಂಗತಿಗಳನ್ನು ಓದುವಾಗ ಸ್ವಲ್ಪ ಸಮಾಧಾನವಾಗುವುದುಂಟೆಂದು ಒಪ್ಪಿಕೊಳ್ಳುತ್ತೇವೆ.

ಅನಂತರ ಅಮೇರಿಕದ ಸರ್ಕಾರದ ಜೀವಶಾಸ್ತ್ರ ಸಮೀಕ್ಷಾ ಇಲಾಖೆಯಲ್ಲಿ ನೌಕರಿ ಸಿಕ್ಕಿತು. ನ್ಯೂ ಮೆಕ್ಸಿಕೊ, ಆರಿಜೋನಾಗಳ ಒಣನಾಡುಗಳಲ್ಲಿ ಅಲೆದು, ೧೯೧೦ರಲ್ಲಿ ಮೊಂಟಾನಾ ಸಂಸ್ಥಾನದ ಬಿಟರ್‌ರೂಟ್ ಕಣಿವೆಗೆ ಹೋದನು. ಅಲ್ಲಿ ಚುಕ್ಕೆಜ್ವರವೆಂಬ ಮಾರಕ ರೋಗವಿದ್ದಿತು. ಉಣ್ಣೆಗಳ ಕಡಿತದಿಂದ ಅದು ಹರಡುತ್ತದೆ. ನೂರಾರು ಸಣ್ಣ ಪ್ರಾಣಿಗಳನ್ನು ಹಿಡಿದು ಅವುಗಳ ಮೈಮೇಲಿನ ಉಣ್ಣೆಗಳನ್ನು ಆರಿಸಿ ಕೊಡುವುದು ಈತನ ಪಾಲಿನ ಕೆಲಸ. ಪ್ರಾಣಭಯವಿದ್ದ ಕೆಲಸವೇ ಸರಿ. ಆದರೂ ಈತನ ಮನಸ್ಸು ಇನ್ನೂ ದೂರವನ್ನು ಬಯಸುತ್ತಿದ್ದಿತು.

೧೯೧೨ರಲ್ಲಿ, ಲ್ಯಾಬ್ರಡಾರ್ ತೀರದ ಬೆಸ್ತರಿಗೆ ಚಿಕಿತ್ಸೆ ಮಾಡುತ್ತಿದ್ದ ಇಂಗ್ಲಿಷ್ ವೈದ್ಯ ವಿಲ್ಫ್ರೆಡ್ ಗ್ರೆನ್‌ಫೆಲ್ ಅವರ ಸಂಗಡ ಬರ್ಡ್ಸ್‌ಐ ಉತ್ತರಕ್ಕೆ ಹಡಗು ಹತ್ತಿದನು. ಕೆನಡಾ ದೇಶದ ಈಶಾನ್ಯ ಮೂಲೆಯಲ್ಲಿರುವ ಆ ನಾಡಿನಲ್ಲಿ ನರಿಗಳನ್ನು ಸಾಕಿ ತುಪ್ಪುಳು ಮಾರುವ ವ್ಯಾಪಾರವನ್ನು ಆರಂಭಿಸಿದನು. ೧೯೧೫ರಲ್ಲಿ ಎಲಿನೋರ್ ಗ್ಯಾನೆಟ್ ಎಂಬಾಕೆಯನ್ನು ವಿವಾಹವಾಗಿ, ಮರುವರ್ಷ ಹುಟ್ಟಿದ ಮಗನನ್ನು ಕೆಲವೇ ವಾರಗಳ ಎಳೆಗೂಸಾಗಿದ್ದಾಗ ಪತ್ನಿಯ ಸಮೇತ ಅಲ್ಲಿಗೆ ಕರೆದೊಯ್ದನು. ವೈದ್ಯರಿಂದ ನೂರಾರು ಮೈಲಿ ದೂರ. ಚಳಿಗಾಲದಲ್ಲಿ ಹಸಿರು ತರಕಾರಿಯೆಂಬುದು ಕನಸು. ಬಾಣಂತಿಗೂ ಮಗುವಿಗೂ ತಿನ್ನಲು ಏನು ಕೊಡುವುದೆಂಬ ಚಿಂತೆಯೇ ಈ ಮನುಷ್ಯನನ್ನು ಮುಂದಿನ ಹಾದಿಗೆ ಹಚ್ಚಿತು.

ಅಲ್ಲಿನ ಮೂಲನಿವಾಸಿಗಳಾದ ಇನ್ಯುಟ್ ಜನರು ದಪ್ಪ ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಿದ್ದರು. ಹೊರಗಿನ ಚಳಿ ಸೊನ್ನೆಗಿಂತ ೪೦ ಡಿಗ್ರಿ ಕೆಳಗೆ. ಈ ಒಂದು ಅಂಕಿಯಲ್ಲಿ ಫ್ಯಾರನ್‌ಹೀಟ್ ಲೆಕ್ಕವೂ ಸೆಲ್ಸಿಯಸ್ ಲೆಕ್ಕವೂ ಒಂದೇ ಆಗುತ್ತವೆ. ನೀರಿನಿಂದ ಮೇಲೆ ಬಂದ ಮೀನು ಗಾಳಿಗೆ ಸೋಕಿದ ಕೆಲವು ಕ್ಷಣಗಳಲ್ಲಿ ಕಲ್ಲಿನಂತೆ ಸೆಟೆದುಕೊಳ್ಳುತ್ತಿತ್ತು. ತಿಂಗಳುಗಳು ಕಳೆದ ಮೇಲೆ ಕರಗಿಸಿ ಬೇಯಿಸಿದರೆ ಆಗತಾನೆ ಹಿಡಿದ ಮೀನಿನ ರುಚಿಯೇ ಇರುತ್ತಿತ್ತು. ಸಾವಿರಾರು ವರ್ಷಗಳಿಂದ ಆ ಜನರಿಗೆ ಗೊತ್ತಿದ್ದ ಮಾತು ಇದು. ಬರ್ಡ್ಸ್‌ಐ ಗಮನಿಸಿದ್ದು ಮತ್ತೊಂದು ಸೂಕ್ಷ್ಮವನ್ನು. ನಡುಚಳಿಗಾಲದಲ್ಲಿ ಗಟ್ಟಿಯಾದ ಮಾಂಸವು ರುಚಿಯಾಗಿರುತ್ತದೆ. ಚಳಿ ಕಡಮೆಯಿರುವ ವಸಂತದಲ್ಲಿ ಮೆಲ್ಲಗೆ ಗಟ್ಟಿಯಾದ ಮಾಂಸವು ಕರಗಿದಾಗ ನೀರು ಬಿಟ್ಟುಕೊಂಡು ಸಪ್ಪೆಯಾಗುತ್ತದೆ. ಹಾಗಾದರೆ ಗುಣವಿರುವುದು ತಣ್ಣಗಾಗುವುದರಲ್ಲಿ ಅಲ್ಲ, ಬೇಗ ತಣ್ಣಗಾಗುವುದರಲ್ಲಿ ಎಂದು ಈತನು ಊಹಿಸಿದನು. ಉಪ್ಪುನೀರು ತುಂಬಿದ ಪೀಪಾಯಿಗಳಲ್ಲಿ ಎಲೆಕೋಸನ್ನು ಹಾಕಿ ಹೊರಗಿನ ಗಾಳಿಗಿಟ್ಟು ಹೆಪ್ಪುಗಟ್ಟಿಸಿ, ಮನೆಯವರಿಗೆ ಚಳಿಗಾಲದಲ್ಲಿ ತರಕಾರಿ ಒದಗಿಸಿದನು.

ಈ ಊಹೆಯ ಹಿಂದಿನ ಸಂಗತಿಯನ್ನು ಎರಡು ಮಾತಿನಲ್ಲಿ ಹೇಳಬೇಕು. ಮುಂದೆ ಕಪಾಟಿನ ವಿಚಾರಕ್ಕೆ ಬಂದಾಗ ಅದೇ ಕೆಲಸಕ್ಕೆ ಬರುತ್ತದೆ. ಮೀನು, ಮಾಂಸ, ತರಕಾರಿಗಳಲ್ಲಿರುವುದು ಬಹುಪಾಲು ನೀರು. ಸೊನ್ನೆಗಿಂತ ಒಂದು ಡಿಗ್ರಿ ಸೆಲ್ಸಿಯಸ್ ಕೆಳಗಿನಿಂದ ಐದು ಡಿಗ್ರಿ ಕೆಳಗಿನವರೆಗಿನ ಹಂತದಲ್ಲಿ ಅದರ ಹೆಚ್ಚಿನ ಭಾಗವು ಹರಳುಗಟ್ಟುತ್ತದೆ. ಆ ಹಂತವನ್ನು ಬೇಗ ದಾಟಿಸಿದರೆ ಹರಳುಗಳು ಹಿಟ್ಟಿನಂತೆ ನುಣ್ಣಗಿರುತ್ತವೆ. ಅಲ್ಲಿ ತಡಮಾಡಿದರೆ ಹರಳುಗಳು ಸೂಜಿಗಳಂತೆ ಬೆಳೆದು ಪದಾರ್ಥದ ಸೂಕ್ಷ್ಮ ಗೋಡೆಗಳನ್ನು ಚುಚ್ಚಿ ಹರಿಯುತ್ತವೆ. ಕರಗಿಸಿದಾಗ ಆ ಹರಿದ ಗೋಡೆಗಳ ಮೂಲಕ ರಸವೆಲ್ಲ ಸೋರಿಹೋಗುತ್ತದೆ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಐಸ್‌ಕ್ರೀಮಿನಲ್ಲಿ ನಾಲಿಗೆಗೆ ಮರಳಿನಂತೆ ಸಿಗುವುದು ಇದೇ ಹರಳು.

೧೯೧೭ರಲ್ಲಿ ಸಂಸಾರವು ಅಮೇರಿಕಕ್ಕೆ ಮರಳಿತು. ಕೆಲವು ವರ್ಷ ಅಲ್ಲಿಲ್ಲಿ ನೌಕರಿ ಮಾಡಿ, ೧೯೨೩ರಲ್ಲಿ ನ್ಯೂಯಾರ್ಕಿನ ಫುಲ್ಟನ್ ಮೀನುಪೇಟೆಯ ಸಮೀಪದಲ್ಲಿ ಬರ್ಡ್ಸ್‌ಐ ತನ್ನದೇ ಕಂಪೆನಿಯನ್ನು ತೆರೆದನು. ಬಂಡವಾಳವೆಂದರೆ ವಿದ್ಯುತ್ ಪಂಖ, ಉಪ್ಪುನೀರಿನ ಬಕೀಟುಗಳು, ಮಂಜುಗಡ್ಡೆಯ ಹಲಗೆಗಳು ಎಂದು ಹೇಳುವುದುಂಟು. ಮೀನಿನ ತುಣುಕುಗಳನ್ನು ಕೊರೆಯುವ ಗಾಳಿಯಲ್ಲಿ ಗಟ್ಟಿಮಾಡಿ ಮಾರಲು ಹೊರಟನು. ಕೊಳ್ಳುವವರು ಬರಲಿಲ್ಲ. ಅಷ್ಟು ಕಾಲ ಪೇಟೆಯಲ್ಲಿ ಸಿಗುತ್ತಿದ್ದ ಹೆಪ್ಪುಗಟ್ಟಿದ ಮಾಲು ಮೆಲ್ಲಗೆ ಗಟ್ಟಿಯಾದದ್ದು, ಮುಗ್ಗಲು ರುಚಿಯದು. ಜನರಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ೧೯೨೪ರಲ್ಲಿ ಕಂಪೆನಿಯು ದಿವಾಳಿಯಾಯಿತು. ಆಗ ಈತನಿಗೆ ಮೂವತ್ತೇಳು ವರ್ಷ. ಹೋಟೆಲು ಮುಚ್ಚಿ ಬೀಗದ ಕೈಯನ್ನು ಸಾಲಗಾರನ ಕೈಗೆ ಕೊಟ್ಟವರಿಗೆ ಅದರ ಸಂಕಟವನ್ನು ವಿವರಿಸಬೇಕಾಗಿಲ್ಲ.

ಈತನು ಮಾತ್ರ ಊರು ಬದಲಾಯಿಸಿದನೇ ಹೊರತು ಕೆಲಸ ಬದಲಾಯಿಸಲಿಲ್ಲ. ಮೆಸಾಚುಸೆಟ್ಸಿನ ಗ್ಲಾಸ್ಟರ್ ಎಂಬ ಮೀನುಗಾರರ ಬಂದರಿಗೆ ಹೋಗಿ, ಪಾಲುದಾರರನ್ನು ಕೂಡಿಸಿಕೊಂಡು ಜನರಲ್ ಸೀಫುಡ್ಸ್ ಎಂಬ ಹೊಸ ಕಂಪೆನಿಯನ್ನು ಕಟ್ಟಿದನು. ಗಾಳಿಯಲ್ಲಿ ಗಟ್ಟಿಮಾಡುವ ಬದಲು ಲೋಹಕ್ಕೆ ಒತ್ತಿ ಗಟ್ಟಿಮಾಡುವ ಯಂತ್ರವನ್ನು ರಚಿಸಿದನು. ಮೊದಲು ಎರಡು ಲೋಹದ ಪಟ್ಟಿಗಳ ನಡುವೆ ಪೊಟ್ಟಣಗಳನ್ನು ಸಾಗಿಸಿ, ಆ ಪಟ್ಟಿಗಳಿಗೆ ಅತಿ ತಣ್ಣನೆಯ ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪುನೀರನ್ನು ಸಿಂಪಡಿಸಿದನು. ಆಮೇಲೆ ಒಳಗೆ ಪೊಳ್ಳಾದ ತಣ್ಣನೆಯ ಲೋಹದ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ ನಡುನಡುವೆ ಪೊಟ್ಟಣಗಳನ್ನು ಇಟ್ಟು ಅದುಮುವ ಯಂತ್ರವು ಬಂದಿತು. ಕಾವಲಿಯ ಮೇಲೆ ದೋಸೆ ಹೇಗೆ ಒಲೆಯ ಮೇಲಿನ ಬಿಸಿಗಾಳಿಗಿಂತ ಬೇಗ ಬೇಯುವುದೋ, ಹಾಗೆಯೇ ಲೋಹಕ್ಕೆ ತಾಗಿದ ಪೊಟ್ಟಣವು ಗಾಳಿಗಿಂತ ಬೇಗ ಗಟ್ಟಿಯಾಗುತ್ತದೆ. ೧೯೨೭ರಲ್ಲಿ ಸಲ್ಲಿಸಿದ ಅರ್ಜಿಗೆ ೧೯೩೦ನೆಯ ಆಗಸ್ಟ್ ೧೨ರಂದು ಪೇಟೆಂಟು ದೊರೆಯಿತು.

ಯಂತ್ರದಷ್ಟೇ ಮುಖ್ಯವಾದದ್ದು ಪೊಟ್ಟಣ. ಮನೆಯಾಕೆ ಒಂದು ಹೊತ್ತಿಗೆ ಬಳಸಬಹುದಾದಷ್ಟು ಸಣ್ಣ ಪೊಟ್ಟಣಗಳನ್ನು ಮಾಡಿ ತೇವ ಬಿಡದ ಸೆಲ್ಲೋಫೇನ್ ಕಾಗದದಲ್ಲಿ ಸುತ್ತಿ ಈತನು ಮಾರಾಟಕ್ಕಿಟ್ಟನು. ಹೊದಿಕೆಯಿಲ್ಲದ ಪದಾರ್ಥವು ಚಳಿಯಲ್ಲೂ ಒಣಗುತ್ತದೆ. ಅದರಿಂದ ಹೊರಟ ತೇವವು ಎಲ್ಲಿಯೂ ಮಾಯವಾಗದೆ ತಣ್ಣನೆಯ ಕೊಳವೆಯ ಮೇಲೆ ಹೋಗಿ ಹಿಮವಾಗಿ ಕೂರುತ್ತದೆ.

೧೯೨೯ರಲ್ಲಿ, ಷೇರುಪೇಟೆಯು ಕುಸಿಯುವುದಕ್ಕೆ ಕೆಲವೇ ತಿಂಗಳು ಮೊದಲು, ಪೋಸ್ಟಮ್ ಕಂಪೆನಿಯೂ ಗೋಲ್ಡ್‌ಮನ್ ಸ್ಯಾಕ್ಸ್ ಸಂಸ್ಥೆಯೂ ಸೇರಿ ಈತನ ಉದ್ಯಮವನ್ನು ೨ ಕೋಟಿ ೨೦ ಲಕ್ಷ ಡಾಲರಿಗೆ ಕೊಂಡುಕೊಂಡವು. ಅದರಲ್ಲಿ ಯಂತ್ರ ಕಟ್ಟಡಗಳ ಬೆಲೆ ೨೦ ಲಕ್ಷ ಮಾತ್ರ. ಉಳಿದ ೨ ಕೋಟಿ ಪೇಟೆಂಟುಗಳಿಗೂ ಹೆಸರಿಗೂ ಸಂದದ್ದು. ಹಣವು ಪಾಲುದಾರರಲ್ಲಿ ಹಂಚಿಹೋದರೂ ಈತನು ಶ್ರೀಮಂತನಾದನು. ಪೋಸ್ಟಮ್ ಕಂಪೆನಿಯು ಜನರಲ್ ಫುಡ್ಸ್ ಎಂದು ಹೆಸರು ಬದಲಿಸಿಕೊಂಡಿತು. ಮನೆತನದ ಹೆಸರನ್ನು ಎರಡು ಪದಗಳಾಗಿ ಒಡೆದು ಬರ್ಡ್ಸ್ ಐ ಎಂಬ ಮುದ್ರೆಯನ್ನು ಮಾಡಿದರು. ಈತನು ಸಂಬಳದ ಮೇಲೆ ಅದೇ ಕಂಪೆನಿಯ ಸಂಶೋಧನೆಯ ಕೆಲಸದಲ್ಲಿ ಉಳಿದನು.

ಇಷ್ಟೆಲ್ಲ ಆದರೂ ಒಂದು ತೊಡಕು ಉಳಿಯಿತು. ಕಾರ್ಖಾನೆಯಲ್ಲಿ ಗಟ್ಟಿಯಾದ ಪೊಟ್ಟಣವನ್ನು ಅಂಗಡಿಯವನು ಎಲ್ಲಿಡಬೇಕು? ಅಂದಿನ ಕಿರಾಣಿ ಅಂಗಡಿಗಳಲ್ಲಿ ಹಾಲು ಬೆಣ್ಣೆಗಳನ್ನು ತಂಪಾಗಿಡುವ ಪೆಟ್ಟಿಗೆಗಳಿದ್ದರೂ ಕಲ್ಲಿನಂತೆ ಗಟ್ಟಿಯಾಗಿಡುವ ಪೆಟ್ಟಿಗೆಗಳು ಇರಲಿಲ್ಲ. ಅದನ್ನು ಕೊಳ್ಳಲು ದುಬಾರಿ; ನಡೆಸಲು ವಿದ್ಯುತ್ತಿನ ವೆಚ್ಚ; ಇಡಲು ಜಾಗ ಬೇಕು. ಕೊಳ್ಳುವವರೇ ಇಲ್ಲದ ಮಾಲಿಗೆ ಯಾವ ಅಂಗಡಿಯವನು ಇಷ್ಟನ್ನು ಮಾಡಿಯಾನು? ೧೯೩೦ನೆಯ ಮಾರ್ಚ್ ೬ರಂದು ಮೆಸಾಚುಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ನಗರದ ೧೮ ಅಂಗಡಿಗಳಲ್ಲಿ ಪರೀಕ್ಷೆ ನಡೆಯಿತು. ಕಪಾಟುಗಳನ್ನು ಕಂಪೆನಿಯೇ ಒದಗಿಸಿತು. ಮಾಂಸ, ಮೀನು, ಬಟಾಣಿ, ಪಾಲಕ್, ಹಣ್ಣುಗಳು ಎಂದು ಸುಮಾರು ೨೬ ಬಗೆಯ ಪದಾರ್ಥಗಳನ್ನು ಅವುಗಳಲ್ಲಿ ಇಟ್ಟರು. ಜನರು ಕುತೂಹಲದಿಂದ ಬಂದರು, ಕೊಂಡರು, ಮತ್ತೆ ಬಂದರು. ಆದರೆ ದೇಶದ ಎಲ್ಲ ಅಂಗಡಿಗಳಿಗೂ ಪುಕ್ಕಟೆ ಕಪಾಟು ಕೊಡುವುದು ಯಾವ ಕಂಪೆನಿಗೂ ಸಾಧ್ಯವಿರಲಿಲ್ಲ. ೧೯೩೪ರಲ್ಲಿ ಅಮೇರಿಕನ್ ರೇಡಿಯೇಟರ್ ಎಂಬ ಕಾರ್ಖಾನೆಯವರಿಂದ ಅಗ್ಗದ ಕಪಾಟುಗಳನ್ನು ಮಾಡಿಸಿ ಅಂಗಡಿಗಳಿಗೆ ತಿಂಗಳ ಬಾಡಿಗೆಗೆ ಕೊಡುವ ಏರ್ಪಾಡು ಆಯಿತು. ಬಟಾಣಿಯು ಊರೂರಿಗೆ ಹೊರಟದ್ದು ಅಲ್ಲಿಂದ ಮುಂದೆ. ಇಂದು ಐಸ್‌ಕ್ರೀಮ್ ಕಂಪೆನಿಯವರು ತಮ್ಮ ಬಣ್ಣ ಬಳಿದ ಪೆಟ್ಟಿಗೆಯನ್ನು ನಮ್ಮ ಹೋಟೆಲುಗಳ ಬಾಗಿಲಿನಲ್ಲಿ ತಂದಿಡುವುದು ಅದೇ ಏರ್ಪಾಡಿನ ಮೊಮ್ಮಗು.

ಇನ್ನು ಕಪಾಟಿನ ಒಳಗನ್ನು ನೋಡೋಣ. ಎದೆಯೆತ್ತರದ, ಮೇಲೆ ಮುಚ್ಚಳವಿರುವ ಪೆಟ್ಟಿಗೆ ಒಂದು ಜಾತಿ; ಗಾಜಿನ ಬಾಗಿಲಿನ ನಿಲುವು ಕಪಾಟು ಮತ್ತೊಂದು; ದೊಡ್ಡ ಅಂಗಡಿಗಳಲ್ಲಿ ಬಾಗಿಲೇ ಇಲ್ಲದೆ ತೆರೆದಿರುವ ಹಲವು ಅಟ್ಟಗಳ ಕಪಾಟು ಮೂರನೆಯದು. ತಣ್ಣನೆಯ ಗಾಳಿಯು ಭಾರವಾದುದರಿಂದ ಮುಚ್ಚಳದ ಪೆಟ್ಟಿಗೆಯನ್ನು ತೆರೆದರೂ ಅದು ಬಾವಿಯ ನೀರಿನಂತೆ ಒಳಗೇ ನಿಲ್ಲುತ್ತದೆ. ನಿಲುವು ಕಪಾಟಿನ ಬಾಗಿಲು ತೆರೆದೊಡನೆ ಅದು ಕಾಲಿನ ಮೇಲೆ ಸುರಿದುಹೋಗಿ, ಅದರ ಸ್ಥಳಕ್ಕೆ ಹೊರಗಿನ ಬಿಸಿಯಾದ ತೇವದ ಗಾಳಿಯು ನುಗ್ಗುತ್ತದೆ. ತೆರೆದ ಕಪಾಟಿನಲ್ಲಿ ಫ್ಯಾನುಗಳು ಮೇಲಿನ ಜಾಲರಿಯಿಂದ ತಣ್ಣನೆಯ ಗಾಳಿಯನ್ನು ತೆಳುವಾದ ಪರದೆಯಂತೆ ಇಳಿಬಿಟ್ಟು ಕೆಳಗಿನ ಜಾಲರಿಯಲ್ಲಿ ಹೀರಿಕೊಳ್ಳುತ್ತವೆ. ಆ ಕಾಣದ ಪರದೆಯೇ ಅದರ ಬಾಗಿಲು. ಮಾಲನ್ನು ಗೆರೆ ಮೀರಿ ಪೇರಿಸಿದರೆ, ಕೆಳಗಿನ ಜಾಲರಿಯ ಮೇಲೆ ಡಬ್ಬಿಯನ್ನಿಟ್ಟರೆ, ಅಥವಾ ಪಕ್ಕದಲ್ಲೇ ಮಾಡಿನ ಪಂಖವು ಜೋರಾಗಿ ತಿರುಗುತ್ತಿದ್ದರೆ ಪರದೆ ಹರಿಯಿತೆಂದೇ ಅರ್ಥ.

ಗಾಳಿಯ ಶಾಖವನ್ನು ಹೀರುವುದು ಒಳಗಿನ ತಣ್ಣನೆಯ ಕೊಳವೆಗಳ ಸುರುಳಿ. ಅದರ ಮೈ ಸೊನ್ನೆಗಿಂತ ತಣ್ಣಗಿರುವುದರಿಂದ ಗಾಳಿಯಲ್ಲಿರುವ ತೇವವು ಅದರ ಮೇಲೆ ನೀರಾಗುವ ಗೊಡವೆಗೂ ಹೋಗದೆ ನೇರವಾಗಿ ಹಿಮವಾಗಿ ಅಂಟುತ್ತದೆ. ಈ ಹಿಮವು ನೋಡಲು ತಂಪಿನ ಗುರುತು. ನಿಜವಾಗಿ ತಂಪಿನ ಶತ್ರು. ಅದರ ಸಂದುಗಳಲ್ಲಿ ಗಾಳಿ ತುಂಬಿಕೊಂಡಿರುವುದರಿಂದ ಅದು ಕೊಳವೆಗೆ ಕಂಬಳಿ ಹೊದಿಸಿದಂತೆ. ಕೊಳವೆಯ ಸುತ್ತಲಿನ ತಗಡಿನ ರೆಕ್ಕೆಗಳ ನಡುವಿನ ದಾರಿಯನ್ನೂ ಮುಚ್ಚಿ ಗಾಳಿಯ ಓಟವನ್ನು ತಡೆಯುತ್ತದೆ. ಆಗ ಕಂಪ್ರೆಸರು ನಿಲ್ಲದೆ ಓಡುತ್ತದೆ, ಬಿಲ್ಲು ಏರುತ್ತದೆ, ಒಳಗಿನ ಮಾಲು ಮಾತ್ರ ಬೆಚ್ಚಗಾಗುತ್ತದೆ. ಹಿಮ ದಪ್ಪವಾಯಿತೆಂದು ಹಿಗ್ಗಿ, ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತಿದೆಯೆಂದು ಗಿರಾಕಿಗಳಿಗೆ ತೋರಿಸುವ ಮಾಲೀಕರನ್ನು ನಾವು ಕಂಡಿದ್ದೇವೆ. ಅವರಲ್ಲೊಬ್ಬರು ನಾವೇ.

ಆದುದರಿಂದ ತಂಪು ಮಾಡುವ ಯಂತ್ರಕ್ಕೆ ಆಗಾಗ ಬೆಚ್ಚಗಾಗುವ ಬಿಡುವು ಕೊಡಲೇಬೇಕು. ಹಿಂದೆ ಇದನ್ನು ಕೈಯಿಂದಲೇ ಮಾಡುತ್ತಿದ್ದರು. ಮೊಸರು ಹಾಲುಗಳ ಕಪಾಟು ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲಿರುವುದರಿಂದ ಯಂತ್ರವನ್ನು ನಿಲ್ಲಿಸಿ ಫ್ಯಾನು ಮಾತ್ರ ಓಡಿಸಿದರೆ ಒಳಗಿನ ಗಾಳಿಯೇ ಹಿಮವನ್ನು ಕರಗಿಸುತ್ತದೆ. ಸೊನ್ನೆಗಿಂತ ೧೮ ಡಿಗ್ರಿ ಕೆಳಗಿರಬೇಕಾದ ಹೆಪ್ಪಿನ ಕಪಾಟಿಗೆ ಆ ಉಪಾಯ ಸಾಗದು. ಅದರಲ್ಲಿ ಗಡಿಯಾರದ ಲೆಕ್ಕಕ್ಕೆ ಸರಿಯಾಗಿ ಫ್ಯಾನು ನಿಂತು ವಿದ್ಯುತ್ ಕಂಬಿಗಳು ಕಾಯುತ್ತವೆ. ಇಲ್ಲವೇ ಕಂಪ್ರೆಸರಿನ ಬಿಸಿ ಅನಿಲವನ್ನೇ ಸುರುಳಿಗೆ ತಿರುಗಿಸುತ್ತಾರೆ. ಸುರುಳಿಯ ಮೈ ಇಷ್ಟು ಬೆಚ್ಚಗಾಯಿತೆಂದು ತಿಳಿದೊಡನೆ ಕಾಯಿಸುವುದು ನಿಂತು, ಹನಿಗಳು ಇಳಿದುಹೋಗಲು ಕೆಲವು ನಿಮಿಷ ಕಾದು, ಸುರುಳಿ ಮತ್ತೆ ತಣ್ಣಗಾದ ಮೇಲೆಯೇ ಫ್ಯಾನು ಹೊರಳುತ್ತದೆ. ಹಾಗೆ ಕಾಯದಿದ್ದರೆ ಬಿಸಿಗಾಳಿಯೂ ಹನಿಯೂ ಮಾಲಿನ ಮೇಲೆ ಬೀಳುತ್ತವೆ. ಇಷ್ಟು ಚಾತುರ್ಯದ ಯಂತ್ರವನ್ನೂ ಕೆಡಿಸುವುದು ಬಹುಸಾರಿ ಒಂದು ಅನ್ನದ ಅಗುಳು: ನೀರು ಇಳಿಯುವ ರಂಧ್ರವು ಕಟ್ಟಿಕೊಂಡರೆ ಕರಗಿದ ಹಿಮವೆಲ್ಲ ತಳದಲ್ಲೇ ಗಡ್ಡೆಯಾಗುತ್ತದೆ. ಬರ್ಡ್ಸ್‌ಐ ಲ್ಯಾಬ್ರಡಾರಿನಲ್ಲಿ ಕಂಡ ನಿಯಮವು ಇಲ್ಲಿ ತಲೆಕೆಳಗಾಗಿ ಮತ್ತೆ ಬರುತ್ತದೆ. ಕರಗಿಸುವ ಕೆಲಸವೂ ಬೇಗ ಮುಗಿಯಬೇಕು. ತಡವಾದರೆ ಪೊಟ್ಟಣದ ಒಳಗಿನ ನುಣ್ಣನೆಯ ಹರಳು ಕರಗಿ, ಮತ್ತೆ ಮೆಲ್ಲಗೆ ಗಟ್ಟಿಯಾಗಿ, ಸೂಜಿಯಾಗುತ್ತದೆ.

ಉಪ್ಪಲ್ ರಿಂಗ್ ರೋಡಿನ ಹತ್ತಿರ ನಾವು ಹೋಟೆಲು ನಡೆಸುತ್ತಿದ್ದಾಗ ಈ ಯಾವುದೂ ತಿಳಿದಿರಲಿಲ್ಲ. ಬಾಗಿಲ ಬಳಿ ಐಸ್‌ಕ್ರೀಮಿನ ಮುಚ್ಚಳದ ಪೆಟ್ಟಿಗೆ ಇದ್ದಿತು. ಒಂದು ಮಳೆಗಾಲದಲ್ಲಿ ಅದರ ಒಳಗೋಡೆಯ ಹಿಮವು ಅಂಗೈ ದಪ್ಪವಾಗಿ, ಡಬ್ಬಿಗಳು ಗೋಡೆಗೆ ಕಚ್ಚಿಕೊಂಡುಬಿಟ್ಟುವು. ಸ್ಟೇಡಿಯಮ್ಮಿನಲ್ಲಿ ಕ್ರಿಕೆಟ್ ಪಂದ್ಯವಿದ್ದ ದಿನ, ಗಿರಾಕಿಗಳು ಸಾಲುಗಟ್ಟಿದ್ದರು. ಬೇಗ ತೆಗೆಯೆಂದು ನಾವೇ ಗದರಿಸಿದೆವು. ಕುಂದಾಪುರದ ಕಡೆಯಿಂದ ಬಂದಿದ್ದ ಹುಡುಗನೊಬ್ಬನು ಅಡಿಗೆಮನೆಯ ಚೂರಿಯನ್ನು ತಂದು ಹಿಮವನ್ನು ಕುಟ್ಟಿದನು. ಬುಸ್ಸೆಂದು ಸದ್ದಾಯಿತು, ಗೋಡೆಯೊಳಗಿನ ಕೊಳವೆಗೆ ತೂತು ಬಿದ್ದು ಅನಿಲವೆಲ್ಲ ಹೊರಟುಹೋಯಿತು. ಮಾರನೆಯ ಬೆಳಿಗ್ಗೆ ಪೆಟ್ಟಿಗೆಯ ತುಂಬ ಬಣ್ಣದ ಹಾಲು. ಹುಡುಗನ ಸಂಬಳದಲ್ಲಿ ಮೂರು ತಿಂಗಳು ಹಣ ಹಿಡಿದೆವು.

ರಿಪೇರಿಗೆ ಬಂದ ಮಿಸ್ತ್ರಿಯು ವಯಸ್ಸಾದವರು. ಪೆಟ್ಟಿಗೆಯನ್ನು ಕೊನೆಯ ಸಲ ನಿಲ್ಲಿಸಿ ಕರಗಿಸಿದ್ದು ಯಾವಾಗ ಎಂದು ಕೇಳಿದರು. ಕೊಂಡ ದಿನದಿಂದ ಒಮ್ಮೆಯೂ ಇಲ್ಲ. ಹಿಮವು ಕಾಲು ಅಂಗುಲವಾದೊಡನೆ ಮಾಲನ್ನು ಬೇರೆ ತಣ್ಣನೆಯ ಪೆಟ್ಟಿಗೆಗೆ ಸಾಗಿಸಿ, ವಿದ್ಯುತ್ತನ್ನು ತೆಗೆದು, ಮುಚ್ಚಳ ತೆರೆದು, ಒಳಗೆ ಬಿಸಿನೀರಿನ ಪಾತ್ರೆಯೊಂದನ್ನಿಟ್ಟು ಕಾಯಬೇಕು; ತಾನಾಗಿ ಸಡಿಲಿದ್ದನ್ನು ಮರದ ಇಲ್ಲವೆ ಪ್ಲಾಸ್ಟಿಕ್ಕಿನ ಹಲಗೆಯಿಂದ ಎಬ್ಬಿಸಿ, ಬಟ್ಟೆಯಿಂದ ಒರೆಸಿ, ಪೆಟ್ಟಿಗೆ ಪೂರ್ತಿ ತಣ್ಣಗಾದ ಮೇಲೆಯೇ ಮಾಲು ತುಂಬಬೇಕು ಎಂದು ತಿಳಿಸಿದರು. ಮುಚ್ಚಳದ ರಬ್ಬರು ಹರಿದಿದ್ದುದನ್ನೂ, ಬಿಸಿಯಾರದ ಪಾಯಸದ ಪಾತ್ರೆಯನ್ನು ಮುಚ್ಚದೆ ಒಳಗಿಟ್ಟಿದ್ದುದನ್ನೂ ತೋರಿಸಿದರು. ಹಿಮವನ್ನು ಬೆಳೆಸಿದವರು ನಾವು, ದಂಡ ತೆತ್ತವನು ಹುಡುಗ. ಹಿಡಿದ ಹಣವನ್ನು ಹಿಂದಕ್ಕೆ ಕೊಡಬೇಕೆಂದು ನಿಶ್ಚಯಿಸುವ ಹೊತ್ತಿಗೆ ಅವನು ಕೆಲಸ ಬಿಟ್ಟು ಊರಿಗೆ ಹೋಗಿದ್ದನು.

ಅಂದು ಹೊರಟದ್ದು ಉರಿಯದ ಅನಿಲವಾಗಿದ್ದಿತು. ಬರ್ಡ್ಸ್‌ಐ ಕೆಲಸ ಆರಂಭಿಸಿದ ಕಾಲದಲ್ಲಿ ಶೈತ್ಯಯಂತ್ರಗಳಲ್ಲಿ ಅಮೋನಿಯಾ, ಗಂಧಕದ ಡೈಆಕ್ಸೈಡ್ ಮುಂತಾದ ಉಸಿರುಕಟ್ಟಿಸುವ ಅನಿಲಗಳಿದ್ದುವು. ೧೯೩೦ರ ಸುಮಾರಿಗೆ ಬಂದ ಫ್ರಿಯಾನ್ ನಿರಪಾಯವೆಂದು ಎಲ್ಲರೂ ಒಪ್ಪಿದರು. ಅದು ಭೂಮಿಯ ಮೇಲಿನ ಓಝೋನ್ ಪದರವನ್ನು ತಿನ್ನುತ್ತದೆಂದು ಕಂಡುಬಂದು, ೧೯೮೭ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಅಂಥ ಅನಿಲಗಳನ್ನು ಕ್ರಮವಾಗಿ ಬಿಟ್ಟುಕೊಟ್ಟರು. ಇಂದಿನ ಅನೇಕ ಸಣ್ಣ ಕಪಾಟುಗಳಲ್ಲಿರುವುದು ಪ್ರೊಪೇನ್ ಅಥವಾ ಐಸೊಬ್ಯುಟೇನ್, ಎಂದರೆ ನಮ್ಮ ಒಲೆಯ ಅನಿಲದ ಜಾತಿಯವೇ. ಪ್ರಮಾಣ ಕಡಮೆಯಾದರೂ ಬೆಂಕಿಗೆ ಹತ್ತಿಕೊಳ್ಳುವಂಥವು. ಒಲೆಯ ಪಕ್ಕದಲ್ಲಿ ನಿಂತು ಚೂರಿಯಿಂದ ಹಿಮ ಕೆರೆಯುವ ಹುಡುಗನನ್ನು ಕಂಡರೆ ಈಗ ನಮಗೆ ಎದೆ ಹೊಡೆದುಕೊಳ್ಳುತ್ತದೆ. ಕಪಾಟಿನ ಹಿಂಬದಿಯ ಚೀಟಿಯಲ್ಲಿ ಅನಿಲದ ಹೆಸರೂ, ಉರಿಯುವುದಾದರೆ ಜ್ವಾಲೆಯ ಗುರುತೂ ಇರುತ್ತದೆ, ಓದಿ ನೋಡಬಹುದು.

ಈ ಊರಿನ ಹವೆಯ ಮಾತನ್ನೂ ಸೇರಿಸಬೇಕು. ಹೈದರಾಬಾದಿನ ಬೇಸಗೆ ಉರಿಯುವ ಬೇಸಗೆ, ಆದರೆ ಒಣ ಬೇಸಗೆ. ಆಗ ಯಂತ್ರಕ್ಕೆ ದುಡಿಮೆ ಹೆಚ್ಚು, ಹಿಮ ಕಡಮೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿರುವಾಗ ಅದೇ ಪೆಟ್ಟಿಗೆಯಲ್ಲಿ ಹಿಮ ಬೇಗ ಬೆಳೆಯುತ್ತದೆ. ಮಂಗಳೂರು ಉಡುಪಿಗಳ ಕಡೆಯ ಕಪಾಟುಗಳಿಗೆ ಈ ಕಷ್ಟ ವರ್ಷದ ಬಹುಭಾಗ ಇದ್ದೇ ಇರುತ್ತದೆ. ಒಂದು ಕಾಲಕ್ಕೆ ಇಲ್ಲಿನ ಸನತ್‌ನಗರದಲ್ಲೇ ಶೀತಪೆಟ್ಟಿಗೆಗಳು ತಯಾರಾಗುತ್ತಿದ್ದುವು; ೧೯೪೨ರಲ್ಲಿ ಆರಂಭವಾದ ಹೈದರಾಬಾದ್ ಆಲ್ವಿನ್ ಕಂಪೆನಿ ಈಗಿಲ್ಲ, ಬಡಾವಣೆಯೊಂದರ ಹೆಸರಿನಲ್ಲಿ ಮಾತ್ರ ಉಳಿದಿದೆ.

ಎರಡನೆಯ ಮಹಾಯುದ್ಧವು ಬರ್ಡ್ಸ್‌ಐಯ ಪದಾರ್ಥಗಳನ್ನು ಅಮೇರಿಕದ ಮನೆಮನೆಗೆ ಮುಟ್ಟಿಸಿತು. ೧೯೪೨ರಲ್ಲಿ ಮಲಯಾ ಜಪಾನಿನ ವಶವಾಗಿ ತವರದ ಬರ ಬಂದು ಡಬ್ಬಿಯ ಆಹಾರಕ್ಕೆ ಕಡಿತವಾದಾಗ, ರಟ್ಟಿನ ಪೊಟ್ಟಣದ ಹೆಪ್ಪುಗಟ್ಟಿದ ಆಹಾರಕ್ಕೆ ಬೇಡಿಕೆ ಹೆಚ್ಚಿತು. ೧೯೪೪ರಲ್ಲಿ ಹೆಪ್ಪಿನ ಮಾಲನ್ನು ಸಾಗಿಸುವ ರೈಲುಬಂಡಿಗಳನ್ನು ಕಂಪೆನಿಯು ಬಾಡಿಗೆಗೆ ಪಡೆದು ದೇಶದ ಉದ್ದಕ್ಕೂ ಓಡಿಸತೊಡಗಿತು. ಹೊಲದಿಂದ ಅಂಗಡಿಯ ಕಪಾಟಿನವರೆಗೆ ಎಲ್ಲಿಯೂ ತುಂಡಾಗದ ತಂಪಿನ ಸರಪಳಿಯು ಹೀಗೆ ಕೂಡಿಬಂದಿತು.

ಅಷ್ಟು ಹೊತ್ತಿಗೆ ಈತನ ಮನಸ್ಸು ಬೇರೆ ಕಡೆಗೆ ಹರಿದಿದ್ದಿತು. ತಂಪಿನಿಂದ ಹೆಸರು ಮ���ಡಿದವನು ೧೯೩೦ರ ದಶಕದಲ್ಲಿ ವಿದ್ಯುದ್ದೀಪಗಳ ಕಂಪೆನಿಯನ್ನು ತೆರೆದು, ಒಳಮೈಗೆ ಕನ್ನಡಿ ಬಳಿದ ದೀಪಗಳನ್ನೂ ಶಾಖ ಸೂಸುವ ಇನ್‌ಫ್ರಾರೆಡ್ ದೀಪಗಳನ್ನೂ ಮಾಡಿದನು. ನಮ್ಮ ಹೋಟೆಲುಗಳಲ್ಲಿ ವಡೆ ಬೋಂಡಗಳನ್ನು ಬೆಚ್ಚಗಿಡಲು ತೂಗುಹಾಕುವ ದೀಪಗಳು ಆ ಜಾತಿಗೆ ಸೇರಿದವು. ಎಂದರೆ ಗಲ್ಲೆಯ ಎಡಗಡೆಯ ತಣ್ಣನೆಯ ಕಪಾಟಿಗೂ ಬಲಗಡೆಯ ಬಿಸಿಯ ಕಪಾಟಿಗೂ ಈ ಒಬ್ಬ ಮನುಷ್ಯನ ನಂಟಿದೆ. ತಿಮಿಂಗಿಲ ಬೇಟೆಗೆ ಹಿಂದೊದೆಯದ ಈಟಿಬಂದೂಕನ್ನೂ, ತರಕಾರಿಯನ್ನು ಬೇಗ ಒಣಗಿಸುವ ವಿಧಾನವನ್ನೂ ರೂಪಿಸಿದನು. ೧೯೫೧ರಲ್ಲಿ ಪತ್ನಿಯೊಡನೆ ಸೇರಿ ಕಾಡುಗಿಡಗಳನ್ನು ಬೆಳೆಸುವ ಬಗ್ಗೆ ಪುಸ್ತಕವನ್ನು ಬರೆದನು. ೧೯೫೩ರಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ದಕ್ಷಿಣ ಅಮೇರಿಕದ ಪೆರು ದೇಶಕ್ಕೆ ಹೋಗಿ ಕಬ್ಬಿನ ಸಿಪ್ಪೆಯಿಂದ ಕಾಗದದ ತಿರುಳನ್ನು ತೆಗೆಯುವ ಪ್ರಯತ್ನಕ್ಕೆ ಕೈಹಾಕಿದನು. ಮಂಡ್ಯದ ಕಡೆಯ ವಾಚಕರಿಗೆ ಆ ಸಿಪ್ಪೆಯ ರಾಶಿಯ ಪರಿಚಯವಿರುತ್ತದೆ. ಅಲ್ಲಿಯೇ ಈತನ ಹೃದಯದ ಕಾಯಿಲೆ ಬಲಿಯಿತು.

೧೯೫೬ನೆಯ ಅಕ್ಟೋಬರ್ ೭ರಂದು, ಎಪ್ಪತ್ತು ತುಂಬಲು ಎರಡು ತಿಂಗಳಿರುವಾಗ, ಬರ್ಡ್ಸ್‌ಐ ನ್ಯೂಯಾರ್ಕಿನಲ್ಲಿ ತೀರಿಕೊಂಡನು. ಅದಾದ ಇಪ್ಪತ್ತೈದನೆಯ ದಿನ, ನವೆಂಬರ್ ೧ರಂದು, ಈ ಹೈದರಾಬಾದು ಸಂಸ್ಥಾನವು ಒಡೆದು, ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರು ಮೈಸೂರು ರಾಜ್ಯವನ್ನು ಸೇರಿದರು. ಇಲ್ಲಿಯೇ ದುಡಿಯುತ್ತಿದ್ದ ನಮ್ಮವರು ಇಲ್ಲಿಯೇ ಉಳಿದರು. ಬರ್ಡ್ಸ್‌ಐಗೆ ಗೋರಿಯಿಲ್ಲ. ದಿವಾಳಿಯಾದ ಮೇಲೆ ಈತನಿಗೆ ಎರಡನೆಯ ಬದುಕು ಕೊಟ್ಟ ಗ್ಲಾಸ್ಟರ್ ಬಂದರಿನ ಹೊರಗೆ, ಬೆಸ್ತರ ದೋಣಿಗಳು ಓಡಾಡುವ ಕಡಲಿನ ನೀರಿನಲ್ಲಿ, ಈತನ ಚಿತಾಭಸ್ಮವನ್ನು ಚೆಲ್ಲಿದರು.